ಇನ್‌ಸ್ಟಾಗ್ರಾಮಿಗೆ ತಿಂಗಳಿಗೆ ಎಷ್ಟು ಹಾಕಬೇಕು?

ಅಂಗಡಿ ಇಟ್ಟವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೊಂದೇ ಪ್ರಶ್ನೆ: "ಇನ್‌ಸ್ಟಾಗ್ರಾಮಿಗೆ ತಿಂಗಳಿಗೆ ಎಷ್ಟು ದುಡ್ಡು ಹಾಕಿದರೆ ವ್ಯಾಪಾರ ಏರುತ್ತದೆ?" ಬಸವನಗುಡಿಯ ಕಾಂಡಿಮೆಂಟ್ಸ್‌ನವರೂ ಇದನ್ನೇ ಕೇಳುತ್ತಾರೆ, ರಾಜಾಜಿನಗರದಲ್ಲಿ ಬ್ಲೌಸ್ ಹೊಲಿಯುವ ಅಕ್ಕನೂ ಇದನ್ನೇ ಕೇಳುತ್ತಾರೆ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ ಎನ್ನುತ್ತೇನೆ. ಇಬ್ಬರ ಮುಖವೂ ಸಪ್ಪಗಾಗುತ್ತದೆ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ, ಬಂದವರು ಏನೇನು ಕೇಳುತ್ತಾರೋ ಒಂದು ವಾರ ಬರೆದಿಡಿ, ಆಮೇಲೆ ಮಾತಾಡೋಣ.

ಕಾಂಡಿಮೆಂಟ್ಸ್ ಅಂಗಡಿಯ ನೋಟ್‌ಬುಕ್ಕಿನಲ್ಲಿ ಏನಿರುತ್ತದೆ? ಕೋಡುಬಳೆ ಯಾವ ಎಣ್ಣೆಯಲ್ಲಿ ಕರಿದದ್ದು? ನಿಪ್ಪಟ್ಟಿಗೆ ಬೆಳ್ಳುಳ್ಳಿ ಹಾಕಿದ್ದೀರಾ? ಮಗಳು ಅಮೆರಿಕಕ್ಕೆ ಒಯ್ಯುತ್ತಾಳೆ, ಎಷ್ಟು ದಿನ ಕೆಡದೆ ಇರುತ್ತದೆ? ಇವೆಲ್ಲ ಒಂದೊಂದು ವಿಡಿಯೋ. ಎಣ್ಣೆ ಡಬ್ಬದ ಹೆಸರು ಕಾಣುವಂತೆ ಹಿಡಿದು ಮುಚ್ಚಳ ತೆಗೆಯಿರಿ. ಖಾರದ ಹಿಟ್ಟನ್ನು ಅಂಗೈಯಲ್ಲಿ ಹೊಸೆದು, ಎರಡು ತುದಿ ಸೇರಿಸಿ, ಹೆಬ್ಬೆರಳಿನಿಂದ ಒತ್ತಿ ಬಾಣಲೆಗೆ ಬಿಡುವ ಕೈಯನ್ನು ಹತ್ತಿರದಿಂದ ತೋರಿಸಿ. ಎಣ್ಣೆಯ ಚುರ್ ಸದ್ದೇ ಸಾಕು, ಹಾಡು ಬೇಡ. ಮುಖ ತೋರಿಸಲು ನಾಚಿಕೆಯಾದರೆ ಮುಖವೂ ಬೇಡ.

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ ಜುಲೈನಲ್ಲಿ ಇನ್‌ಸ್ಟಾಗ್ರಾಮಿನ ಕಿರು ವಿಡಿಯೋ, ಅಂದರೆ ರೀಲ್ಸ್, ನಮ್ಮ ದೇಶಕ್ಕೆ ಬಂತು. ಅಂದಿನಿಂದ ಪಾಪ, ಎಷ್ಟು ಜನ ಅಂಗಡಿ ಮಾಲೀಕರು ತಮಗೆ ಅರ್ಥವಾಗದ ಹಾಡಿಗೆ ತುಟಿ ಆಡಿಸುತ್ತಾ ನಿಂತಿದ್ದಾರೋ! ನೋಡುವವರು ಸಿಗುತ್ತಾರೆ, ಸಿಗುವುದಿಲ್ಲ ಎನ್ನುವುದಿಲ್ಲ. ಆದರೆ ಲಖನೌದಲ್ಲಿ ಕುಳಿತು ಲೈಕ್ ಒತ್ತಿದವರು ಕಾಲು ಕೆಜಿ ನಿಪ್ಪಟ್ಟಿಗೆ ಗಾಂಧಿ ಬಜಾರಿಗೆ ಬರುವುದುಂಟೇ?

ಹೊಲಿಗೆಯ ಅಕ್ಕನ ನೋಟ್‌ಬುಕ್ ಬೇರೆಯೇ. "ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡುತ್ತೀರಾ?" "ಮುಂದೆ ದಪ್ಪ ಆದರೆ ಬಿಚ್ಚಿಸಬಹುದಾ?" ಎರಡನೆಯ ಪ್ರಶ್ನೆಗೆ ಬ್ಲೌಸನ್ನು ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆಯಾಚೆ ಬಿಟ್ಟಿರುವ ಬಟ್ಟೆಯನ್ನು ಬೆರಳಲ್ಲಿ ಹಿಡಿದು ತೋರಿಸಿದರೆ ಆಯಿತು, ಒಳ್ಳೆಯ ಕೆಲಸಗಾರ್ತಿ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಯಾವ ಹೆಂಗಸಿಗೂ ಬೇಕಿಲ್ಲ. ಮೊದಲನೆಯದಕ್ಕೆ ವಾಟ್ಸ್ಆ್ಯಪ್ ಸ್ಟೇಟಸ್ ಸಾಕು: ಹಬ್ಬಕ್ಕೆ ಬೇಕಾದವರು ಇಂಥ ತಾರೀಖಿನೊಳಗೆ ಬಟ್ಟೆ ಕೊಡಿ.

2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪನ್ನು ಹಾಕಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಸರಕಿನ ಪಟ್ಟಿಯನ್ನು ಬೆಲೆಸಮೇತ ಅದರಲ್ಲೇ ಇಡಬಹುದು. ಆದರೆ ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಮಾಮೂಲಿ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಹಾಗಾಗಿ ಚಿಲ್ಲರೆ ಕೊಡುವಾಗಲೇ "ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಬಾಯಿಬಿಟ್ಟು ಕೇಳಬೇಕು. ಹಾಗೆ ಸೇವ್ ಮಾಡಿಕೊಂಡವರಿಗೆ ದಿನಾ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಮೂರನೆಯ ದಿನಕ್ಕೆ ಬ್ಲಾಕ್ ಮಾಡುತ್ತಾರೆ. ಮಾಡಲೇಬೇಕು ಕೂಡ.

ಗೂಗಲ್ ಮ್ಯಾಪಿನ ವಿಷಯದಲ್ಲಂತೂ ನನಗೆ ಸಿಟ್ಟೇ ಬರುತ್ತದೆ, ಅಷ್ಟು ಉದಾಸೀನ. "ಹತ್ತಿರದ ಟೈಲರ್" ಎಂದು ಹುಡುಕಿದಾಗ ಯಾವ ಅಂಗಡಿ ಮೇಲೆ ಬರಬೇಕು ಎನ್ನುವುದನ್ನು ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ ಎಂಬ ಮೂರರ ಮೇಲೆ ನಿರ್ಧರಿಸುತ್ತೇವೆ ಎಂದು ಗೂಗಲ್ಲೇ ಹೇಳುತ್ತದೆ. ಜಾಹೀರಾತಿನ ಜಾಗ ಬೇರೆ; ಈ ಸಾಲಿನಲ್ಲಿ ದುಡ್ಡು ಕೊಟ್ಟು ಮುಂದೆ ಹೋಗಲಾಗದು. ನಮ್ಮ ಊರಿನಲ್ಲಿ ಮೂರನೇ ಕ್ರಾಸ್, ಏಳನೇ ಮೇನ್ ಎನ್ನುವುದು ಬಡಾವಣೆಗೊಂದು ಇರುತ್ತದೆ. ಪಿನ್ನನ್ನು ಸರಿಯಾಗಿ ಬಾಗಿಲ ಮೇಲೇ ಕೂರಿಸಿ, ಎದುರಿನ ಗಣೇಶನ ಗುಡಿಯೂ ಕಾಣುವಂತೆ ಒಂದು ಫೋಟೋ ಹಾಕಿ. ಯುಗಾದಿ, ಹೊಸತೊಡಕಿಗೆ ಅಂಗಡಿ ಮುಚ್ಚುವುದಾದರೆ ಆ ದಿನಗಳ ವೇಳೆಯನ್ನು ಬೇರೆಯಾಗಿ ನಮೂದಿಸಲು ಅದರಲ್ಲೇ ಅವಕಾಶವಿದೆ. ಮ್ಯಾಪ್ ನಂಬಿ ಬಿಸಿಲಿನಲ್ಲಿ ಬಂದು ಮುಚ್ಚಿದ ಷಟರ್ ನೋಡಿ ಹೋದವರು ಇನ್ನೊಮ್ಮೆ ಬರುವುದು ಕಷ್ಟ.

ದುಡ್ಡಿಗೆ ಐದು ನಕ್ಷತ್ರದ ವಿಮರ್ಶೆ ಬರೆಸಿಕೊಡುತ್ತೇವೆ ಎನ್ನುವವರು ಫೋನ್ ಮಾಡಿದರೆ ಇಟ್ಟುಬಿಡಿ. ವಿಮರ್ಶೆ ಬರೆದರೆ ರಿಯಾಯಿತಿ ಎನ್ನುವುದು ಕೂಡ ಗೂಗಲ್ ನಿಯಮಕ್ಕೆ ವಿರುದ್ಧ. "ಚಕ್ಕುಲಿ ಮೆತ್ತಗಿತ್ತು" ಎಂದು ಯಾರೋ ಬೈದಿದ್ದರೆ ಅದರ ಕೆಳಗೆ "ಪ್ಯಾಕೆಟ್ ತನ್ನಿ, ಬದಲಿಸಿ ಕೊಡುತ್ತೇವೆ" ಎಂದು ಬರೆಯಿರಿ. ಹೊಸಬರು ಬೈಗುಳಕ್ಕಿಂತ ಆ ಉತ್ತರವನ್ನೇ ಗಮನವಿಟ್ಟು ಓದುತ್ತಾರೆ.

ಇಷ್ಟಾದ ಮೇಲೆ ಜಾಹೀರಾತಿಗೆ ದುಡ್ಡು ಹಾಕುವುದಕ್ಕೆ ನನ್ನ ತಕರಾರಿಲ್ಲ. ಇಡೀ ಬೆಂಗಳೂರು ಬೇಡ, ಅಂಗಡಿಯ ಸುತ್ತ ಕೆಲವು ಕಿಲೋಮೀಟರ್ ಮಾತ್ರ ಆರಿಸಿ. ಗೌರಿ-ಗಣೇಶಕ್ಕೆ ಮುಂಚಿನ ವಾರಗಳಲ್ಲಿ ಹಾಕಿ. ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್ಆ್ಯಪಿಗೆ ಬರುವಂತೆ ಮಾಡಿ, ಬಂದವರಿಗೆ ಅಂದೇ ಉತ್ತರ ಕೊಡುವವರು ಮನೆಯಲ್ಲಿ ಯಾರು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಯಾರೂ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಹಬ್ಬದ ತಿಂಗಳಿಗೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಳ್ಳಿ.