ಅಂಚಿನಲ್ಲಿದ್ದ ಕೆಂಪು ಅಕ್ಷರ

1988ರಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ, ನಮ್ಮ ಕನ್ನಡ ಅಧ್ಯಾಪಕರು ಶಿವರಾಮ ಕಾರಂತರ ‘ಚೋಮನ ದುಡಿ’ಯ ಕುರಿತು ಒಂದು ಪ್ರಬಂಧ ಬರೆಯಿಸಿದ್ದರು. ಸಂಕಪ್ಪಯ್ಯನನ್ನು ನಾನು ‘ಕ್ರೂರ ಧಣಿ’ ಎಂದು ಬರೆದಿದ್ದೆ. ನೋಟ್ ಪುಸ್ತಕ ಹಿಂದೆ ಬಂದಾಗ ‘ಕ್ರೂರ’ ಎಂಬ ಪದದ ಅಡಿಯಲ್ಲಿ ಗೆರೆ ಎಳೆದು, ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಯಾವ ಪುಟ?’ ಎಂದಷ್ಟೇ ಕೇಳಿದ್ದರು.

ಆ ಪುಟ ನನಗೆ ಸಿಗಲಿಲ್ಲ. ತುಂಡು ಭೂಮಿಯನ್ನು ತಾನೂ ಬೇಸಾಯ ಮಾಡಬೇಕೆಂಬ ಅಸ್ಪೃಶ್ಯ ಜೀತದಾಳು ಚೋಮನ ಆಸೆಗೆ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗುವುದೂ ಉಂಟು. ಆದರೆ ನಡೆದುಬಂದ ಕಟ್ಟಳೆಯನ್ನು ಮೀರಬಾರದೆಂದು ಮನೆಯ ಹಿರಿಯಳಾದ ತಾಯಿ ಅಡ್ಡ ಬಂದಾಗ ಅವನು ಸುಮ್ಮನಾಗುತ್ತಾನೆ. ಒಬ್ಬ ಮನುಷ್ಯನ ಬಾಳನ್ನು ಮುರಿಯಲು ಅಷ್ಟು ಸಾಕಾಗುತ್ತದೆ. ಅಧಿಕಾರವೆಂದರೆ ಚಾಟಿ ಹಿಡಿದ ಕೈಯೆಂದು ತಿಳಿದಿದ್ದ ನನಗೆ, ಅದು ಸಭ್ಯನೊಬ್ಬನ ಮೌನದಲ್ಲಿಯೂ ಇರಬಲ್ಲದೆಂಬುದನ್ನು ತೋರಿಸಿದ್ದು 1933ರಲ್ಲಿ ಪ್ರಕಟವಾದ ಈ ಸಣ್ಣ ಕಾದಂಬರಿ. ಇಂಥದ್ದನ್ನು ನನ್ನ ಚರಿತ್ರೆಯ ಪಠ್ಯದಲ್ಲಿ ನಾನು ಓದಿರಲಿಲ್ಲ.

ಗುರುಗಳು ಅತಿ ಹೆಚ್ಚು ಹೊತ್ತು ನಿಂತದ್ದು ಮತಾಂತರದ ಪ್ರಸಂಗದಲ್ಲಿ. ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಚೋಮ, ಕ್ರೈಸ್ತನಾದರೆ ಭೂಮಿ ಸಿಕ್ಕೀತೆಂದು ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿ ದೈವದ ನೆನಪು ಅವನ ಕಾಲು ಕಟ್ಟುತ್ತದೆ, ಹಿಂದಿರುಗುತ್ತಾನೆ. ಅವನ ಈ ಹಿಂಜರಿಕೆಗೆ ನಾನು ತರಗತಿಯಲ್ಲೇ ಸಿಟ್ಟುಗೊಂಡು ಮಾತನಾಡಿದ್ದೆ. ಗುರುಗಳು ಎದುರಾಡಲಿಲ್ಲ. ಪುಸ್ತಕ ಮಡಚಿ, ದುಡಿ ಬಾರಿಸುವಂತೆ ಮೇಜಿನ ಮೇಲೆ ಎರಡು ಬೆರಳುಗಳಿಂದ ಮೆಲ್ಲಗೆ ಬಡಿಯುತ್ತ, “ಅವನು ದೈವವನ್ನು ಬಿಟ್ಟು ಹೋಗಿದ್ದರೆ ಆ ಗದ್ದೆಯನ್ನು ಉಳುವವನು ಯಾರು?” ಎಂದು ಕೇಳಿದರು. ಬಿಡುಗಡೆಯ ಬೆಲೆಯಾಗಿ ತನ್ನನ್ನೇ ತೆರಬೇಕಾದವನಿಗೆ ಸುಖ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆಯ ತಿರುಳು. ನನ್ನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ಆದರೆ ಈಗ ಅದು ಚೋಮನ ಮೇಲಲ್ಲ, ಅವನ ಮುಂದೆ ಆ ಎರಡೇ ದಾರಿಗಳನ್ನು ಇಟ್ಟವರ ಮೇಲೆ. ದಿನದ ದುಡಿಮೆ ಮುಗಿದ ಮೇಲೆ ಗುಡಿಸಲಿನಲ್ಲಿ ಅವನು ದುಡಿ ಬಾರಿಸುವಷ್ಟು ಹೊತ್ತು ಮಾತ್ರ ಅವನ ಮೇಲೆ ಯಾರ ಅಪ್ಪಣೆಯೂ ನಡೆಯುವುದಿಲ್ಲ ಎಂಬುದನ್ನು ಕಾರಂತರು ಎಷ್ಟು ಎಚ್ಚರದಿಂದ ಕಟ್ಟಿದ್ದಾರೆಂಬುದು ನನಗೆ ಹೊಳೆದದ್ದು ಮೂರನೆಯ ಓದಿನಲ್ಲಿ.

ಆ ವರ್ಷದ ರಜೆಯಲ್ಲಿ ಕಾದಂಬರಿಯನ್ನು ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಗೇಣಿ ಒಕ್ಕಲು. 1974ರ ಭೂಸುಧಾರಣಾ ತಿದ್ದುಪಡಿ ಬಂದಾಗ ಗೇಣಿದಾರನೆಂದು ಘೋಷಿಸುವ ಅರ್ಜಿಯಾದ ಡಿಕ್ಲರೇಶನ್ ಕೊಟ್ಟು, ತಾನು ಉಳುತ್ತಿದ್ದ ಗದ್ದೆಯನ್ನು ತನ್ನದಾಗಿಸಿಕೊಂಡವರು. ಆಮೇಲೂ ಪ್ರತಿ ಸಂಜೆ ಆ ಗದ್ದೆಯ ಹುಣಿಯ ಮೇಲೆ ಒಂದು ಸುತ್ತು ಹೋಗಿ ಬರದೆ ಊಟಕ್ಕೆ ಕುಳಿತವರಲ್ಲ. ಕೊನೆಯ ಪುಟ ಮುಗಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಚೋಮ ಇನ್ನಷ್ಟು ವರ್ಷ ಬದುಕಿದ್ದರೆ ಅವನಿಗೂ ಭೂಮಿ ಸಿಗುತ್ತಿತ್ತಲ್ಲವೇ ಅಜ್ಜ ಎಂದು ನಾನೇ ಕೇಳಿದೆ.

“ಇಲ್ಲ ಮಗಾ,” ಎಂದರು ಅಜ್ಜ. “ನಮ್ಮ ಹತ್ತಿರ ಗೇಣಿಚೀಟಿಯಾದರೂ ಇತ್ತು. ಅವನು ಮೂಲದ ಆಳು, ಧಣಿಯ ಮನೆಗೆ ತಲೆಮಾರಿನಿಂದ ಕಟ್ಟುಬಿದ್ದವನು. ಡಿಕ್ಲರೇಶನ್‌ನಲ್ಲಿ ಏನೆಂದು ಬರೆಸುವುದು?”

ರಜೆ ಮುಗಿದು ಕಾಲೇಜು ತೆರೆದ ದಿನ, ಆ ಮಾತನ್ನು ಗುರುಗಳಿಗೆ ಹೇಳಲು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಗಂಟೆ ಹೊಡೆಯುವ ಮೊದಲೇ ಹೋಗಿ ನಿಂತಿದ್ದೆ.