ಚಕ್ರವ್ಯೂಹದ ಗೋಡೆಗೆ ಝೀರೋ ಬಲ್ಬು

ಕೊನೆಗೂ ನಾನು ಸಾಕುತ್ತಿರುವ ಫೈಸೇರಮ್, ಅಂದರೆ ಹಳದಿ ಲೋಳೆಯಂತೆ ಹರಿದಾಡುವ ಲೋಳೆಬೂಷ್ಟು, ನಾನು ಹೇಳಿದ ದಾರಿಯಲ್ಲಿ ಹೋಯಿತು. ಗೋಡೆ ಹತ್ತಲಿಲ್ಲ, ಅಡ್ಡದಾರಿ ಹಿಡಿಯಲಿಲ್ಲ. ಚಕ್ರವ್ಯೂಹದ ಎರಡು ತುದಿಗೆ ಅದರ ಊಟಕ್ಕೆಂದು ಇಟ್ಟ ಓಟ್ಸ್ ನಡುವೆ ಈಗ ಒಂದೇ ಒಂದು ದಪ್ಪ ಹಳದಿ ನಾಳ ಉಳಿದಿದೆ. ಅದೂ ಎಲ್ಲಕ್ಕಿಂತ ಗಿಡ್ಡ ದಾರಿಯಲ್ಲಿ. ತೀರ್ಥಹಳ್ಳಿಯ ಮಳೆ ಶುರುವಾದಾಗಿನಿಂದ ಇದಕ್ಕಾಗಿಯೇ ಗೊಣಗುತ್ತಾ ಕೂತಿದ್ದೆ.

ಒಣಗಿ ಮಲಗಿದ ಕಲ್ಚರ್ ಎಬ್ಬಿಸೋದು, ಅದು ಹರಿದಾಡುವ ಜೆಲ್ಲಿಗೆ ಅಗಾರ್ ಕುದಿಸೋದು ನಿಮಗೆಲ್ಲ ಗೊತ್ತೇ ಇದೆ, ಬಿಡಿ. ಸಾಮಾನು ಕೊಡುವವರ ಬಗ್ಗೆ ಮಾತ್ರ ಎರಡು ಮಾತು. ಅಗಾರಿಗೆಂದು ಚೈನಾ ಗ್ರಾಸ್ ಕೊಡಿ ಅಂದರೆ ಮಾವಿನಹಣ್ಣಿನ ಫ್ಲೇವರ್ ಇರುವ, ಸಕ್ಕರೆ ಬೆರೆಸಿದ ಪ್ಯಾಕೆಟ್ ಕೈಗಿಡುತ್ತಾರೆ. ಆನ್‌ಲೈನಿನಲ್ಲಿ ಸಾದಾ ಓಟ್ಸ್ ತರಿಸಿದರೆ ಬಂದದ್ದು ಮಸಾಲಾ ಓಟ್ಸ್. ಉಪ್ಪು ಕಂಡರೆ ಹಿಂದೆ ಸರಿಯುವ ಜೀವಕ್ಕೆ ಮಸಾಲಾ ಓಟ್ಸ್! ಅದನ್ನು ನಾನೇ ತಿಂದು ಮುಗಿಸಿದೆ.

ಈಗ ಗೋಡೆಯ ವಿಷಯ. 2000ರಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ತೋರಿಸಿದ ಪ್ರಯೋಗ ನೆನಪಿದೆಯಲ್ಲ? ಅಗಾರ್ ಮೇಲೆ ಚಕ್ರವ್ಯೂಹದ ಆಕಾರಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ. ಮೊದಲು ದಾರಿಯ ತುಂಬ ಫೈಸೇರಮ್ ಹಬ್ಬಿಸಿ, ಆಮೇಲೆ ಎರಡು ತುದಿಗೆ ಊಟ. ಮುಚ್ಚಿದ ದಾರಿಗಳಿಂದ ಅದು ತಾನಾಗಿ ಜಾಗ ಖಾಲಿ ಮಾಡುತ್ತದೆ. ಊಟದಿಂದ ಊಟಕ್ಕೆ ನಾಲ್ಕು ದಾರಿ ಇದ್ದರೂ ಹೆಚ್ಚಿನ ಸಲ ಗಿಡ್ಡದ್ದೇ ಉಳಿಯುತ್ತದೆ. ಮಿದುಳಿಲ್ಲ, ನರವಿಲ್ಲ. ಇಡೀ ಮೈ ಒಂದೇ ಕೋಶ, ಒಳಗೆ ಲೆಕ್ಕ ಸಿಗದಷ್ಟು ನ್ಯೂಕ್ಲಿಯಸ್.

ನನ್ನದು ಮಾಡುತ್ತಿದ್ದದ್ದೇ ಬೇರೆ. ಹಾಳೆಯ ಮೇಲೆ ಹತ್ತಿ, ಒಂದು ಓಟ್ಸಿನಿಂದ ಇನ್ನೊಂದಕ್ಕೆ ನೆಟ್ಟಗೆ ನಾಳ ಎಳೆದುಬಿಡುತ್ತಿತ್ತು. ಗಿಡ್ಡ ದಾರಿ ಅಂದರೆ ಅದೇ ಅಲ್ವಾ? ಉತ್ತರ ಸರಿಯಾಗಿಯೇ ಇತ್ತು. ನನಗೆ ಬೇಕಿದ್ದ ಉತ್ತರ ಮಾತ್ರ ಅದಲ್ಲ.

ಫೈಸೇರಮ್ ಗೋಡೆಯ ಎತ್ತರ ನೋಡುವುದಿಲ್ಲ. ಹಾಳೆ ಒಣಗಿದೆ ಅನ್ನುವುದೇ ಅದರ ಪಾಲಿಗೆ ಗೋಡೆ. ಒದ್ದೆಯಾದರೆ ಅದೂ ರಸ್ತೆ. ಜುಲೈನಲ್ಲಿ ಮಲೆನಾಡಿನಲ್ಲಿ ಒಣಗಿರುವುದು ಏನಿದೆ ಹೇಳಿ? ಹೊದೆಯುವ ಚಾದರವೂ ತಣ್ಣಗೆ ಅಂಟುತ್ತದೆ. ರಾತ್ರಿ ತಂಪಾದ ಕೂಡಲೇ ಡಬ್ಬಿಯ ಮುಚ್ಚಳದ ಒಳಗೆ ನೀರು ಕಟ್ಟುತ್ತದೆ. ಹನಿ ಹಾಳೆ ಮೇಲೆ ಬೀಳುತ್ತದೆ. ಬೆಳಗಾಗುವಷ್ಟರಲ್ಲಿ ಫೈಸೇರಮ್ ಗೋಡೆಯ ಆಚೆ.

ತೇವಕ್ಕೆಂದು ಡಬ್ಬಿಯಲ್ಲಿ ಇಟ್ಟಿದ್ದ ಒದ್ದೆ ಹತ್ತಿ ತೆಗೆದೆ, ಪ್ರಯೋಜನವಿಲ್ಲ. ಗೋಡೆಗೆ ಉಪ್ಪು ಸವರಿ ಅಂತ ಸ್ನೇಹಿತರೊಬ್ಬರು ಹೇಳಿದರು. ಪಾಪ, ಅವರು ಬಳ್ಳಾರಿಯವರು. ನಮ್ಮಲ್ಲಿ ಮಳೆಗಾಲದ ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ದಾರಿಗೆ ಹರಿದರೆ ಮುಗೀತು ಕಥೆ. ತೇವ ಹೀರುವ ಸಿಲಿಕಾ ಜೆಲ್ ಇಟ್ಟರೆ ಹಾಳೆ ಒಣಗಿತು, ಜೊತೆಗೆ ಅಗಾರೂ ಒಣಗಿತು. ಫೈಸೇರಮ್ ಸ್ಕ್ಲೆರೋಶಿಯಮ್ ಎಂಬ ಒಣ ನಿದ್ದೆಯ ರೂಪಕ್ಕೆ ಹೋಗಿ ಗಟ್ಟಿಯಾಗಿ ಮಲಗಿತು.

ಹಾಗಾದರೆ ಗಾಳಿ ಒಣಗಿಸುವುದು ಬೇಡ, ಮುಚ್ಚಳವನ್ನು ಅಗಾರಿಗಿಂತ ಒಂಚೂರು ಬೆಚ್ಚಗಿಟ್ಟರೆ ಸಾಕು. ನೀರು ತಣ್ಣಗಿರುವ ಕಡೆ ತಾನೇ ಕಟ್ಟೋದು? ಮೇಲೊಂದು ಝೀರೋ ಕ್ಯಾಂಡಲ್ ಬಲ್ಬು ತೂಗುಹಾಕೋಣ ಅಂತ ಅಂಗಡಿಗೆ ಹೋದೆ. ಕೊಟ್ಟಿದ್ದು ಬಿಳಿ ಎಲ್‌ಇಡಿ. "ಒಂಚೂರೂ ಬಿಸಿಯಾಗಲ್ಲ ಸಾರ್, ಗ್ಯಾರಂಟಿ" ಎಂದರು. ನನಗೆ ಬೇಕಾಗಿದ್ದೇ ಬಿಸಿ! ತಂತಿ ಉರಿಯುವ ಹಳೇ ಬಲ್ಬು ಪೇಟೆಯಲ್ಲಿ ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ನಮ್ಮದೇ ದೇವರ ಮನೆಯಲ್ಲಿ, ಅದೂ ಕೆಂಪು ಬಣ್ಣದ್ದು. ಕೆಂಪು ಬೆಳಕಿಗೆ ಫೈಸೇರಮ್ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಳಿ, ನೀಲಿ ಅಂದರೆ ಓಡುತ್ತದೆ. "ದೇವರು ಕತ್ತಲಲ್ಲಿ, ನಿನ್ನ ಬೂಷ್ಟಿಗೆ ದೀಪಾನಾ?" ಅಂತ ಅಮ್ಮ ಕೇಳಿದರು. ಅದಕ್ಕೇ ಹೊಸ ಎಲ್‌ಇಡಿ ಅಲ್ಲಿಗೆ ಹಾಕಿಕೊಟ್ಟೆ.

ಮುಚ್ಚಳ ಮುಟ್ಟಿದರೆ ಸ್ವಲ್ಪ ಬೆಚ್ಚಗೆ ಅನಿಸಬೇಕು, ಅಷ್ಟೇ. ಜಾಸ್ತಿ ಹತ್ತಿರ ತಂದರೆ ಅಗಾರ್ ಕುಗ್ಗಿ ಹಾಳೆಯಿಂದ ಬಿಟ್ಟುಕೊಳ್ಳುತ್ತದೆ. ಕರೆಂಟ್ ಹೋದಾಗ ಡಬ್ಬಿಯ ಮೇಲೆ ಕಂಬಳಿ. ಇಷ್ಟಾದ ಮೇಲೆ ಗೋಡೆ ಗೋಡೆಯಾಗಿ ನಿಂತಿತು.

ಆಮೇಲೆ ನೋಡುವುದೇ ಮಜಾ. ಲೆನ್ಸ್ ಇಟ್ಟರೆ ನಾಳದೊಳಗಿನ ದ್ರವ ಒಂದು ಕಡೆ ಹರಿದು, ಒಂದೆರಡು ನಿಮಿಷಕ್ಕೆ ತಿರುಗಿ ವಾಪಸ್ ಹರಿಯುವುದು ಕಾಣುತ್ತದೆ. ಹರಿವು ಜಾಸ್ತಿ ಇರುವ ನಾಳ ದಪ್ಪವಾಗುತ್ತದೆ, ದಪ್ಪವಾದದ್ದರಲ್ಲಿ ಇನ್ನೂ ಜಾಸ್ತಿ ಹರಿಯುತ್ತದೆ. ಸುತ್ತುದಾರಿಯ ನಾಳ ಸೊರಗಿ ಮಾಯವಾಗುತ್ತದೆ. ಯಾರೂ ಕೂತು ದಾರಿ ಅಳೆಯಲಿಲ್ಲ, ಆದರೂ ಲೆಕ್ಕ ಆಯಿತು. ಬಿಟ್ಟುಹೋದ ಜಾಗದಲ್ಲಿ ಲೋಳೆಯ ಗುರುತು ಉಳಿಯುತ್ತದೆ. ಹೋಗಿ ಬಂದ ಕಡೆ ಮತ್ತೆ ಹುಡುಕದಂತೆ ಆ ಗುರುತೇ ತಡೆಯುತ್ತದೆ ಎಂದು 2012ರಲ್ಲಿ ಕ್ರಿಸ್ ರೀಡ್ ಮತ್ತು ತಂಡ ತೋರಿಸಿದ್ದರು. ನೆನಪನ್ನು ನೆಲದ ಮೇಲೆ ಬರೆದಿಟ್ಟು ಹೋಗುವ ಜೀವ!

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ: ಶಿವಮೊಗ್ಗ ಜಿಲ್ಲೆಯ ನಕ್ಷೆ. ಟೋಕಿಯೋ ಸುತ್ತಲಿನ ಊರುಗಳ ಜಾಗಕ್ಕೆ ಊಟ ಇಟ್ಟು, ರೈಲು ಜಾಲಕ್ಕೆ ಹೋಲುವ ಜಾಲ ಹೆಣೆಸಿದ ಪ್ರಯೋಗ 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತಲ್ಲ, ಅದೇ ತರಹ. ಏಳು ತಾಲೂಕಿಗೆ ಏಳು ಓಟ್ಸ್, ಶಿವಮೊಗ್ಗದಿಂದ ಶುರು. ರೈಲು ಭದ್ರಾವತಿ, ಶಿವಮೊಗ್ಗ, ಸಾಗರ ಹಿಡಿದು ತಾಳಗುಪ್ಪಕ್ಕೆ ಹೋಗಿ ನಿಲ್ಲುತ್ತದೆ. ತೀರ್ಥಹಳ್ಳಿಗೆ ಸರ್ಕಾರ ತರದ ಹಳಿಯನ್ನು ಫೈಸೇರಮ್ ಆದರೂ ತರುತ್ತಾ ನೋಡೋಣ. ಫೈಸೇರಮ್ ಹೋಗಬಾರದ ಜಾಗಕ್ಕೆ ಟೋಕಿಯೋ ಪ್ರಯೋಗದವರು ಬೆಳಕು ಬಿಟ್ಟಿದ್ದರು, ನಾನು ಲಿಂಗನಮಕ್ಕಿ ಹಿನ್ನೀರಿಗೆ ಬಿಡುತ್ತೇನೆ. ಆ ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆ 2025ರಲ್ಲಿ ತೆರೆದಿರುವುದರಿಂದ ಅಲ್ಲೊಂದು ನೆರಳಿನ ಪಟ್ಟಿ ಬಿಡಲೇಬೇಕು. ಅಷ್ಟು ತೆಳ್ಳಗಿನ ಪಟ್ಟಿಯನ್ನು ರಟ್ಟಿನಲ್ಲಿ ಕತ್ತರಿಸಲು ಯಾರ ಹತ್ತಿರವಾದರೂ ಒಳ್ಳೆ ಬ್ಲೇಡ್ ಇದ್ದರೆ ಹೇಳಿ. ಬೆಳಕಿಗೆ ಬಿಸಿಯಾಗದ ಬಿಳಿ ಎಲ್‌ಇಡಿಯೇ ಬೇಕು, ಅಂದರೆ ದೇವರ ಮನೆಗೆ ಇನ್ನೊಮ್ಮೆ ಹೋಗಬೇಕು.