ಪೋಸ್ಟ್‌ಡಾಕ್‌ಗೆ ಹೊರಟವರು ಮೊದಲು ಕೇಳಬೇಕಾದದ್ದು

ಜರ್ಮನಿಯಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ, ಹುಡುಕುತ್ತಿರುವ ನಮ್ಮ ಕಡೆಯವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಎರಡೇ: ಸಂಬಳ ಎಷ್ಟು, ಪ್ರೊಫೆಸರ್ ಹೇಗೆ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು, ಆ ಸಂಬಳದ ದುಡ್ಡು ಯಾರದು, ಎಲ್ಲಿಯತನಕ ಬರುತ್ತದೆ ಎಂದು.

ನಾನಿರುವುದು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಗಾರ್ಶಿಂಗ್ ಕ್ಯಾಂಪಸ್ಸಿನಲ್ಲಿ, ಯು6 ಮೆಟ್ರೊದ ಕೊನೆಯ ನಿಲ್ದಾಣ. ಇಲ್ಲಿನ ಗಣಿತ ವಿಭಾಗದ ಕಟ್ಟಡದೊಳಗೆ ಮೇಲಿನ ಮಹಡಿಯಿಂದ ನೆಲಕ್ಕೆ ಪ್ಯಾರಾಬೋಲಾ ಆಕಾರದ ಎರಡು ಜಾರುಬಂಡಿಗಳಿವೆ, ಊರಿಂದ ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ. ಪೋಸ್ಟ್‌ಡಾಕ್‌ಗೆ ಸಾಮಾನ್ಯವಾಗಿ ಸರ್ಕಾರಿ ವೇತನ ಪಟ್ಟಿಯ ಇ13 ದರ್ಜೆ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದರೆ ಒಂಟಿಯಾಗಿರುವವರ ಸಂಬಳದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಹೋಗುತ್ತದೆ. ಮ್ಯೂನಿಕ್‌ನ ಮನೆ ಬಾಡಿಗೆ ಬೇರೆ. ಆದರೂ ಬದುಕಿಗೆ ಕೊರತೆಯಿಲ್ಲ.

ಕಷ್ಟ ಇರುವುದು ಅವಧಿಯಲ್ಲಿ. ಬಹುಪಾಲು ಹುದ್ದೆಗಳು ನಡೆಯುವುದು ಹೊರಗಿನ ಸಂಸ್ಥೆಗಳು ಒಂದೊಂದು ಯೋಜನೆಗೆಂದು ಕೊಡುವ ಹಣದಿಂದ, ಇಲ್ಲಿಯವರು ಅದನ್ನು ಡ್ರಿಟ್‌ಮಿಟೆಲ್ ಎನ್ನುತ್ತಾರೆ. ಧಾರವಾಡದ ನನ್ನ ಗೆಳತಿಯೊಬ್ಬಳು ಬೇರೊಂದು ಊರಿನ ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಒಪ್ಪಂದದ ಮೇಲೆ ಬಂದಳು. ಮುಂದುವರಿಸುತ್ತೇವೆ ಎಂಬುದು ಬಾಯಿಮಾತು. ಪ್ರಯೋಗದ ಲೇಸರ್ ಬಂದು, ಕನ್ನಡಿಗಳನ್ನೆಲ್ಲ ಕೂರಿಸಿ, ಮೊದಲ ಸಿಗ್ನಲ್ ಕಾಣುವ ಹೊತ್ತಿಗೆ ಯೋಜನೆಯ ಹಣ ಮುಗಿದಿತ್ತು. ವೀಸಾ ಕೂಡ ಒಪ್ಪಂದಕ್ಕೇ ಕಟ್ಟಿಕೊಂಡಿರುತ್ತದೆ. ಅವಳು ಲೇಸರ್ ಬಿಟ್ಟು ಮನೆ ಖಾಲಿ ಮಾಡಬೇಕಾಯಿತು. ಅವಳ ಕೆಲಸ ಎಷ್ಟು ಚೆನ್ನಾಗಿತ್ತೆಂದು ಬಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

ಇದರ ಮೇಲೆ 2007ರ ಕಾನೂನೊಂದಿದೆ. ಯೋಜನಾ ಹಣದ ಹುದ್ದೆಗಳನ್ನು ಬಿಟ್ಟರೆ, ಪಿಎಚ್‌ಡಿಗೆ ಮೊದಲು 6 ವರ್ಷ, ಆಮೇಲೆ 6 ವರ್ಷ, ಅಷ್ಟೇ ತಾತ್ಕಾಲಿಕ ಹುದ್ದೆಯಲ್ಲಿರಬಹುದು. ಮಕ್ಕಳಿದ್ದರೆ ಮಗುವೊಂದಕ್ಕೆ 2 ವರ್ಷ ಹೆಚ್ಚಿಗೆ ಸಿಗಬಹುದು. ಪ್ರೊಫೆಸರ್‌ಗಿರಿ ಬಿಟ್ಟರೆ ಖಾಯಂ ಹುದ್ದೆಗಳು ತೀರಾ ಕಡಿಮೆ. 2021ರಲ್ಲಿ ಇಲ್ಲಿನ ಸಂಶೋಧಕರು ‘ಇಶ್ ಬಿನ್ ಹನ್ನಾ’ (ನಾನೇ ಹನ್ನಾ; ಈ ಕಾನೂನನ್ನು ವಿವರಿಸುವ ಸರ್ಕಾರಿ ವಿಡಿಯೊದ ಕಾಲ್ಪನಿಕ ಸಂಶೋಧಕಿ ಹನ್ನಾ) ಹ್ಯಾಶ್‌ಟ್ಯಾಗಿನಡಿ ತಮ್ಮ ಪಾಡು ಬರೆದುಕೊಂಡದ್ದು ಇದಕ್ಕೇ. ಆ ಸಿಟ್ಟು ನ್ಯಾಯವಾದದ್ದು.

ಹಾಗಾಗಿ ಸಂದರ್ಶನದಲ್ಲಿ ಸಂಕೋಚ ಬೇಡ. ಒಪ್ಪಂದ ಎಷ್ಟು ತಿಂಗಳದ್ದು, ಯೋಜನೆ ಯಾವಾಗ ಮುಗಿಯುತ್ತದೆ, ಇದು ನೌಕರಿಯೋ ಫೆಲೋಶಿಪ್ಪೋ ಎಂದು ನೇರವಾಗಿ ಕೇಳಿ. ಫೆಲೋಶಿಪ್ ಆದರೆ ಎಷ್ಟೋ ಸಲ ಪಿಂಚಣಿ, ನಿರುದ್ಯೋಗ ವಿಮೆ ಕಟ್ಟುವುದಿಲ್ಲ. ಪ್ರೊಫೆಸರ್ ಹೇಗೆಂಬುದು ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಊಟದ ಹಾಲಿನಲ್ಲಿ, ಅವರ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ ಕೂತರೆ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಹೆಸರಿಗೇ ಮಂಜೂರಾದ ಫೆಲೋಶಿಪ್ ಹಣ ತಂದರೆ ಮಾತಿನ ತೂಕವೇ ಬೇರೆ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಫೆಲೋಶಿಪ್ ಇದೆ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ 8 ವರ್ಷದೊಳಗಿರಬೇಕು. ಅದರಲ್ಲೊಂದು ನಿಯಮ ಬಹಳ ಜನರಿಗೆ ತಡವಾಗಿ ಕಣ್ಣಿಗೆ ಬೀಳುತ್ತದೆ: ಅರ್ಜಿಯ ಗಡುವಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಜರ್ಮನಿಯಲ್ಲಿದ್ದರೆ ಜರ್ಮನಿಗೇ ಅರ್ಜಿ ಹಾಕುವಂತಿಲ್ಲ. ಹಾಗಾಗಿ ಬೆಂಗಳೂರಿನಲ್ಲಿರುವಾಗಲೇ ಹಾಕಿ. ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಬೇಸಿಗೆಯಲ್ಲೇ ಪ್ರೊಫೆಸರಿಗೆ ಮೇಲ್ ಬರೆದರೆ ಪ್ರಸ್ತಾವನೆಯನ್ನು ಅವರ ಜೊತೆ ಕೂತು ತಿದ್ದುವಷ್ಟು ಸಮಯ ಸಿಗುತ್ತದೆ.